ಎರಡು ಮುದ್ದೆಯ ಪಾತ್ರೆ

ಮೈಸೂರಿನ ಕ್ಯಾಂಪ್ ಸಾಮಾನಿನ ಅಂಗಡಿಯ ಹುಡುಗಿ ಡಬ್ಬ ಬಿಚ್ಚಿ, ಒಂದರೊಳಗಿಂದ ಒಂದು ಪಾತ್ರೆ ತೆಗೆದು ಗಾಜಿನ ಮೇಜಿನ ಮೇಲೆ ಜೋಡಿಸಿದಳು. ಒಂದು ಸ್ಟೀಲ್ ಪಾತ್ರೆ, ಅದರ ಹೊಟ್ಟೆಯೊಳಗೆ ಇನ್ನೊಂದು, ಅದರೊಳಗೆ ಒಂದು ಬಟ್ಟಲು, ಬಟ್ಟಲೊಳಗೆ ಮುಷ್ಟಿಯಲ್ಲಿ ಮುಚ್ಚಿಡಬಹುದಾದಂಥ ಗ್ಯಾಸ್ ಒಲೆ. ಮುಚ್ಚಳ ಬೋರಲು ಹಾಕಿದರೆ ಅದೇ ತಟ್ಟೆ. ಮತ್ತೆ ಎಲ್ಲವನ್ನೂ ಒಂದರೊಳಗೊಂದು ತುರುಕಿದರೆ ಒಂದು ಮಧ್ಯಮ ಗಾತ್ರದ ತೆಂಗಿನಕಾಯಿಯಷ್ಟು ಆಗುತ್ತಿತ್ತು. ಇದನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ, ಅವನ ತಲೆಗೆ ಒಂದು ನಮಸ್ಕಾರ ಅಂದುಕೊಂಡೆ.

"ನೂಡಲ್ಸ್, ಸೂಪ್, ಕಾಫಿ, ಎಲ್ಲಾ ಬೇಗ ಆಗುತ್ತೆ ಮೇಡಂ" ಎಂದಳು ಹುಡುಗಿ.

"ರಾಗಿ ಮುದ್ದೆಗೆ ಹಿಟ್ಟು ತಿರುವಬಹುದಾ?"

ಅವಳು ಪಾತ್ರೆಯನ್ನೂ ನನ್ನನ್ನೂ ನೋಡಿದಳು. ಸರಿ, ನಾನೇ ನೋಡಿಬಿಡೋಣ ಎಂದು ಪಾತ್ರೆಯನ್ನು ನೆಲಕ್ಕಿಟ್ಟೆ. ಎರಡೂ ಕಡೆಯ ಮಡಚುವ ಹಿಡಿಗಳನ್ನು ಬಿಡಿಸಿ, ಚಪ್ಪಲಿ ಕಳಚಿ, ಎಡಹಿಡಿಯ ಮೇಲೆ ಎಡಗಾಲು, ಬಲಹಿಡಿಯ ಮೇಲೆ ಬಲಗಾಲು ಒತ್ತಿ, ಪಕ್ಕದಲ್ಲಿ ಒರಗಿಸಿದ್ದ ಡೇರೆಯ ಕೋಲೊಂದನ್ನು ಕಿತ್ತುಕೊಂಡು ಖಾಲಿ ಪಾತ್ರೆಯೊಳಗೆ ಗರಗರನೆ ತಿರುವತೊಡಗಿದೆ. ಹುಡುಗಿ ಒಳಗೆ ಹೋಗಿ ಮಾಲೀಕರನ್ನು ಕರೆದುಕೊಂಡು ಬಂದಳು. ಅವರು ಕೈಕಟ್ಟಿ ನಿಂತು ನೋಡಿದರು. ಪಾತ್ರೆ ಅಲುಗಲಿಲ್ಲ. "ಇದೇ ಕೊಡಿ" ಎಂದೆ.

ನಾನು ಹುಣಸೂರಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ನನ್ನ ಗಂಟಲು ಇರುವುದೇ ಕೂಗುವುದಕ್ಕೆ. ಮಕ್ಕಳನ್ನು ಕ್ಯಾಂಪಿಗೆ ಕರೆದುಕೊಂಡು ಹೋಗಿ ಹೋಗಿ ಬಯಲಿನಲ್ಲಿ ಅಡುಗೆ ಮಾಡುವ ಸಾಮಾನುಗಳೆಂದರೆ ನನಗೆ ಮೊದಲಿನಿಂದಲೂ ಮೋಹ. ಆದರೆ ಈ ಪಾತ್ರೆ ನನಗಾಗಿ ಕೊಂಡದ್ದಲ್ಲ. ನನ್ನ ಅಡುಗೆಯನ್ನು ನಾನೇ ಬೇಸರದಿಂದ ಉಣ್ಣುತ್ತೇನೆ. ಇದು ನಮ್ಮಣ್ಣನಿಗೆ.

ನಮ್ಮಣ್ಣ ಮದುವೆ ಅಡುಗೆಯವನು. ಭೇರ್ಯದ ಹತ್ತಿರ ನಮ್ಮ ಮನೆ, ಗದ್ದೆ ಇವೆ, ಭತ್ತವನ್ನೂ ಬೆಳೆಯುತ್ತಾನೆ. ಆದರೆ ಜನ ಅವನನ್ನು ಗುರುತಿಸುವುದು ಸೌಟಿನಿಂದ. ಬೀಗರ ಔತಣವಿರಲಿ, ಗೃಹಪ್ರವೇಶವಿರಲಿ, ಶಾಮಿಯಾನದ ಹಿಂದಿನ ಹೊಗೆಯಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ನಿಂತವನು ಅವನೇ. ಆಳೆತ್ತರದ ಕೋಲು ಹಿಡಿದು ಇಬ್ಬರು ಗಂಡಸರು ಎದುರುಬದುರು ನಿಂತು ಹಿಟ್ಟು ತಿರುವುತ್ತಿದ್ದರೆ ಇವನು ದೂರದಿಂದಲೇ ಮೂಗರಳಿಸಿ "ಇನ್ನೂ ಹಸಿ ಅದೆ ಕಣ್ರಲಾ, ತಿರ್ವಿ" ಎಂದು ಗದರುತ್ತಿದ್ದ. ರುಚಿ ನೋಡುತ್ತಿರಲಿಲ್ಲ. ವಾಸನೆಯಲ್ಲೇ ಉಪ್ಪು, ಖಾರ, ಹದ ಎಲ್ಲ ತಿಳಿಯುತ್ತಿತ್ತು. ಉಪ್ಪನ್ನು ಬೊಗಸೆಯಲ್ಲಿ ಎತ್ತಿ ಎಸೆಯುತ್ತಿದ್ದ ರೀತಿಯೇ ನೋಡುವಂತಿರುತ್ತಿತ್ತು. ಕೊನೆಯ ಪಂಕ್ತಿಗೆ ಅವನೇ ಬಕೆಟ್ ಹಿಡಿದು ಬಡಿಸಲು ಇಳಿಯುತ್ತಿದ್ದ. ಉಣ್ಣುವವರ ಮುಖ ನೋಡದಿದ್ದರೆ ಅವನಿಗೆ ಅಡುಗೆ ಮುಗಿದಂತಾಗುತ್ತಿರಲಿಲ್ಲ. ಅವನ ತಂಗಿ ಎಂದು ಹೇಳಿಕೊಂಡರೆ ನನಗೆ ಯಾವ ಊರಿನ ಪಂಕ್ತಿಯಲ್ಲೂ ಎರಡು ತುಂಡು ಹೆಚ್ಚು ಬೀಳುತ್ತಿತ್ತು. ನಾನು ಹೇಳಿಕೊಳ್ಳದೆ ಬಿಟ್ಟದ್ದಿಲ್ಲ.

ಅಂಥವನಿಗೆ ಲಕ್ವ ಹೊಡೆಯಿತು. ಆಸ್ಪತ್ರೆ, ಮನೆ, ಎಣ್ಣೆ ತಿಕ್ಕುವುದು, ವ್ಯಾಯಾಮ ಎಂದು ತಿಂಗಳುಗಟ್ಟಲೆ ಆದ ಮೇಲೆ ಮಾತು ಸರಿಹೋಯಿತು. ಕಾಲು ಸ್ವಲ್ಪ ಎಳೆದರೂ ನಡೆದಾಡುವಂತಾದ. ಬಲಗೈ ಮಾತ್ರ ಬರಲಿಲ್ಲ. ಭುಜ ಏಳುತ್ತದೆ, ಬೆರಳು ಹಿಡಿಯುವುದಿಲ್ಲ. ಒಂದು ಲೋಟ ಕೊಟ್ಟರೆ ಜಾರಿಬೀಳುತ್ತದೆ.

ಅಡುಗೆ ಒಪ್ಪಿಸಲು ಬಂದವರನ್ನೆಲ್ಲ ಅವನು ವಾಪಸ್ಸು ಕಳಿಸತೊಡಗಿದ. "ಮಾಡೋಕೆ ಹುಡುಗ್ರವ್ರೆ, ನೀನು ನಿಂತು ಹೇಳಿದ್ರೆ ಸಾಕು" ಎಂದು ಎಷ್ಟೋ ಜನ ಬೇಡಿಕೊಂಡರು. ಊಹೂಂ. ನಾನು ಹೋಗಿ ಜಗಳ ತೆಗೆದೆ.

"ಎಡಗೈ ಚೆನ್ನಾಗಿಲ್ವಾ ಅಣ್ಣಯ್ಯ? ಅದ್ರಲ್ಲೇ ಮಾಡು."

"ಮಾಡ್ಬೋದು ಕಣವ್ವ. ಎಡಗೈಲಿ ಬಡ್ಸಿದ್ನ ಯಾರು ಉಣ್ತಾರೆ?"

ನಮ್ಮ ಕಡೆ ಒಂದು ವೀಳ್ಯದೆಲೆಯನ್ನು ಎಡಗೈಯಲ್ಲಿ ಕೊಟ್ಟರೂ ಜನ ಮುಖ ಸಿಂಡರಿಸುತ್ತಾರೆ. ಅನ್ನ ಬಡಿಸುವುದಂತೂ ದೂರವೇ ಉಳಿಯಿತು. ಮಕ್ಕಳಾಗಿದ್ದಾಗ ಎಡಗೈ ಚಾಚಿದ್ದಕ್ಕೆ ನಮ್ಮಿಬ್ಬರಿಗೂ ಏಟು ಬಿದ್ದಿದೆ.

"ನಾನು ಉಣ್ತೀನಿ" ಎಂದೆ.

"ನೀನು ಉಣ್ತೀಯ ಬುಡು, ನೀನು ನನ್ ತಂಗಿ. ಗುರ್ತಿಲ್ದೋರು ಉಣ್ಬೇಕು. ಅದು ಅಡ್ಗೆ."

ಒಂದು ಸಲ ಬೇಸರ ಕಳೆಯಲು ಎಡಗೈಯಲ್ಲೇ ಟೀ ಕಾಯಿಸಿದ್ದನಂತೆ. ಬಂದ ನೆಂಟರೆಲ್ಲ ಚೆನ್ನಾಗಿದೆ, ಚೆನ್ನಾಗಿದೆ ಎಂದರಂತೆ. "ಸಕ್ರೆ ಹಾಕೋದೇ ಮರ್ತಿದ್ದೆ ಕಣೆ. ಒಬ್ರಾದ್ರೂ ಹೇಳ್ಬಾರ್ದಾ? ಕೂಸು ನಡೆಯೋದ್ ಕಲ್ತಾಗ ಚಪ್ಪಾಳೆ ತಟ್ತಾರಲ್ಲ, ಅಂಗೆ" ಎಂದು ನನ್ನೊಡನೆ ಹೇಳಿಕೊಂಡು ಸಿಟ್ಟಾಗಿದ್ದ. ಆ ದಿನ ಮನೆಗೆ ಬಂದು ನಾನು ಅತ್ತೆ. ಅಳುವುದು ನನ್ನ ಜಾಯಮಾನವಲ್ಲ, ಆದರೂ ಅತ್ತೆ.

ಆಗ ಹೊಳೆದದ್ದು ಈ ಕ್ಯಾಂಪಿನ ಪಾತ್ರೆ. ಮನೆಯಲ್ಲಿ ಹಿಟ್ಟು ಬೇಯಿಸುವ ಯಾವ ಪಾತ್ರೆಯನ್ನೂ, ತಪ್ಪಲೆಯನ್ನೂ ಅವನು ಒಂದೇ ಕೈಯಲ್ಲಿ ಎತ್ತಲಾರ. ಇದನ್ನು ಎತ್ತಬಹುದು. ಮೊದಲು ಆನ್‌ಲೈನಿನಲ್ಲಿ ಒಂದನ್ನು ತರಿಸಿದೆ. ಕಪ್ಪು ಬಣ್ಣದ್ದು, ನೋಡಲು ಬಲು ಚೆಂದ, ಹೂವಿನಂತೆ ಹಗುರ. ಅಣ್ಣನ ಮನೆಯ ಹಿತ್ತಲಿನಲ್ಲಿ ಒಲೆ ಹಚ್ಚಿ, ಎಸರಿಟ್ಟು, ಹಿಟ್ಟು ಸುರಿದು ಅಣ್ಣ ಕೋಲು ಹಾಕಿದನೋ ಇಲ್ಲವೋ, ಪಾತ್ರೆ ಕೋಲಿನ ಜೊತೆಗೇ ಗಿರಗಿರನೆ ತಿರುಗಿ ಮಗುಚಿಕೊಂಡಿತು. ಇದ್ದದ್ದು ಒಂದೇ ಕಡೆ ಹಿಡಿ. ತಳವೋ ತೆಳ್ಳಗೆ, ನಡುವೆ ಆಗಲೇ ಸೀದು ಕರಕಲಾಗಿತ್ತು. ನಮ್ಮ ಕಡೆಯವರನ್ನು ಬಿಟ್ಟರೆ ಇಂಥ ಪಾತ್ರೆಯಲ್ಲಿ ಹಿಟ್ಟು ತಿರುವಲು ಹೋಗುವ ಪೆದ್ದರು ಲೋಕದಲ್ಲಿ ಇನ್ನಾರೂ ಇರಲಾರರು. ಅಣ್ಣ ಕೋಲನ್ನು ಬೇಲಿಯಾಚೆ ಎಸೆದು ಒಳಗೆ ಹೋದ.

ಆದರೆ ಮಾರನೆಯ ಬೆಳಿಗ್ಗೆ ಅವನದೇ ಫೋನು. "ಲೇ, ಆ ಪಾತ್ರೆಗೆ ಎರಡ್ ಕಡೀಕೂ ಹಿಡಿ ಇದ್ದಿದ್ರೆ ಕಾಲಲ್ಲಿ ಅಮುಕ್ಕೊಬೋದಿತ್ತು. ತಳ ಒಸಿ ದಪ್ಪ ಇರ್ಬೇಕು." ರಾತ್ರಿಯೆಲ್ಲ ಅದನ್ನೇ ಯೋಚಿಸಿದ್ದಾನೆ! ಮನೆಗಳಲ್ಲಿ ಹೆಂಗಸರು ಹಿಟ್ಟಿನ ಪಾತ್ರೆಗೆ ಕವೆಗೋಲು ಸಿಕ್ಕಿಸಿ, ಅದರ ಎರಡು ತುದಿಗಳನ್ನು ಪಾದದಲ್ಲಿ ಒತ್ತಿಕೊಂಡು ತಿರುವುವುದಿಲ್ಲವೇ, ಅದೇ ಲೆಕ್ಕ. ನಾನು ಆ ಶನಿವಾರವೇ ಮೈಸೂರಿನ ಬಸ್ಸು ಹತ್ತಿದ್ದೆ. ಅಂಗಡಿಯಲ್ಲಿ ನಾನು ಕುಣಿದದ್ದು ಇದಕ್ಕೆ.

ಪಾತ್ರೆ ಬಂತು, ಆದರೆ ಅಣ್ಣ ಹಿತ್ತಲಿನಲ್ಲಿ ಬೇಡ ಎಂದ. ಹೊರಗೆ ಎಲ್ಲಾದರೂ ಹೋಗೋಣ, ಆದರೆ ಗುರುತಿರುವ ಊರು ಬೇಡ ಎಂದ. ಅದೇ ದೊಡ್ಡ ಕಷ್ಟ. ಕೆ.ಆರ್. ನಗರದಲ್ಲಿ ಅವನು ಅಡುಗೆ ಮಾಡದ ಬೀದಿಯಿಲ್ಲ. ಪಿರಿಯಾಪಟ್ಟಣದ ಕಡೆ ತಂಬಾಕು ಬೆಳೆಯುವವರ ಮದುವೆಗಳೆಲ್ಲ ಇವನವೇ. ಹುಣಸೂರಿನಲ್ಲಿ ನನ್ನನ್ನೇ ಜನ ಅಡುಗೆಯವನ ತಂಗಿ ಎಂದು ಕರೆಯುತ್ತಾರೆ, ಟೀಚರ್ ಎಂದಲ್ಲ. ಉಳಿದದ್ದು ಎಚ್.ಡಿ. ಕೋಟೆ ತಾಲೂಕಿನ ಆ ತುದಿ. ಬೀಚನಹಳ್ಳಿ ಕಡೆಗೆ ಹೋಗೋಣ ಎಂದಾಗ "ಅಲ್ಗಾದ್ರೆ ಸೈ" ಎಂದ.

ಅವರೆಕಾಯಿ ಕಾಲ. ನನ್ನ ಹಳೆಯ ಕಾರಿನಲ್ಲಿ ಹೊರಟೆವು. ಬಿಳಿಕೆರೆಯಲ್ಲಿ ಟೀ ಕುಡಿಯಲು ನಿಲ್ಲಿಸಿದ್ದೇ ತಪ್ಪಾಯಿತು. ಯಾರೋ ಗುರುತಿನವರು ಕಾರಿನ ಕಿಟಕಿಗೆ ಬಂದು, ಅವನ ಬಲಗೈಯನ್ನೇ ನೋಡುತ್ತಾ, ಎಲ್ಲಾ ಸರಿಹೋಗುತ್ತೆ ಬಿಡಿ ಎಂದು ಸಮಾಧಾನ ಹೇಳಿದರು. ಅಣ್ಣ ಕೈಯನ್ನು ಟವೆಲಿನಡಿ ಮುಚ್ಚಿಕೊಂಡ.

ಬೀಚನಹಳ್ಳಿಗೆ ಸ್ವಲ್ಪ ಈಚೆ, ನಾಲೆಯ ಏರಿಯ ಕೆಳಗೆ ಒಂದು ಹೊಂಗೆಮರ ಸಿಕ್ಕಿತು. ಅದರಡಿ ಎಲೆಕಸ ಗುಡಿಸಿ ಗಂಟು ಬಿಚ್ಚಿದೆವು. ಒಲೆಯ ಕಾಲುಗಳನ್ನು ಬಿಡಿಸಿ ಗ್ಯಾಸಿನ ಚಿಕ್ಕ ಡಬ್ಬಕ್ಕೆ ತಿರುಚಿ ಕೂರಿಸಿದೆ. ಅಣ್ಣ ಅದನ್ನು ಸುತ್ತ ತಿರುಗಿ ನೋಡಿ "ಇದೇನೇ ಇದು, ಜೇಡ್ರ ಉಳ ಇದ್ದಂಗದೆ" ಎಂದ. ಹಚ್ಚಿದರೆ ಬುಸ್ಸೆಂದು ಉರಿ. ಆದರೆ ನಾಲೆಯ ಕಡೆಯಿಂದ ಗಾಳಿ ಬೀಸಿ ಉರಿಯೆಲ್ಲ ಒಂದು ಪಕ್ಕಕ್ಕೆ ಬಾಗುತ್ತಿತ್ತು. ಪಾತ್ರೆಯ ಸೆಟ್ಟಿನ ಜೊತೆ ಬಂದಿದ್ದ ತಗಡಿನ ಅಡ್ಡವನ್ನು ನಿಲ್ಲಿಸಿದೆ, ಅದೂ ಗಾಳಿಗೆ ಮಗುಚಿತು.

"ನೀನೇ ಅಡ್ಡ ನಿಂತ್ಕೊ. ಅದ್ಕಿಂತ ಅಗ್ಲ ಇದ್ದೀಯೆ."

ಊರಿಗೆಲ್ಲ ವ್ಯಾಯಾಮ ಹೇಳಿಕೊಡುವ ನನಗೆ ಈ ಮಾತು! ಆದರೂ ನಿಂತೆ. ಅವನು ತಮಾಷೆ ಮಾಡಿ ಎಷ್ಟು ದಿನವಾಗಿತ್ತು.

ಮಾಡಲು ಹೊರಟದ್ದು ಅವರೆಕಾಳಿನ ಉಪ್ಸಾರು, ಹಿಟ್ಟು. ಬೆಳ್ಳುಳ್ಳಿ, ಮೆಣಸು, ಹಸಿಮೆಣಸಿನಕಾಯಿ ಅರೆದ ಖಾರವನ್ನು ಅತ್ತಿಗೆ ಡಬ್ಬಿಯಲ್ಲಿ ಕಟ್ಟಿಕೊಟ್ಟಿದ್ದರು. ಚಿಕ್ಕ ಪಾತ್ರೆಯಲ್ಲಿ ಕಾಳು ಬೆಂದಿತು. ಅಣ್ಣ ಉಪ್ಪಿನ ಪೊಟ್ಟಣಕ್ಕೆ ಎಡಗೈ ಹಾಕಿದ. ಅಂಗೈ ತುಂಬಾ ಎತ್ತಿ, ಪಾತ್ರೆ ನೋಡಿ, ಅರ್ಧ ಚೆಲ್ಲಿ, ಮತ್ತೆ ಪಾತ್ರೆ ನೋಡಿ, ಇನ್ನೂ ಸ್ವಲ್ಪ ಚೆಲ್ಲಿದ. ಸಾವಿರ ಜನಕ್ಕೆ ಕಣ್ಣುಮುಚ್ಚಿ ಹಾಕುತ್ತಿದ್ದವನು ಇಬ್ಬರಿಗೆ ಹಾಕಲು ತಡವರಿಸುತ್ತಿದ್ದ. "ಸಾವ್ರಕ್ಕಾದ್ರೆ ಅಂದಾಜು ಸಿಕ್ತದೆ. ಇಬ್ರಿಗೆ ಎಂಗೆ?" ಎಂದು ಗೊಣಗಿ ಉಳಿದದ್ದನ್ನು ಹಾಕಿಯೇಬಿಟ್ಟ.

ಸಾರು ಇಳಿಸಿ, ದೊಡ್ಡ ಪಾತ್ರೆಯಲ್ಲಿ ಎಸರಿಟ್ಟು, ಹಿಟ್ಟು ಸುರಿದು ಬೇಯಿಸಿದೆವು. ಹದಕ್ಕೆ ಬಂದಾಗ ಅಣ್ಣ ತಾನೇ ಎಡಗೈಯಲ್ಲಿ ಪಾತ್ರೆಯನ್ನು ನೆಲಕ್ಕಿಳಿಸಿದ. ಕಲ್ಲಿನ ಮೇಲೆ ಕೂತು, ಪಾದಕ್ಕೆ ಒದ್ದೆ ಬಟ್ಟೆ ಸುತ್ತಿಸಿಕೊಂಡು ಎರಡು ಹಿಡಿಗಳ ಮೇಲೂ ಕಾಲಿಟ್ಟು ಅಮುಕಿದ. ಎಳೆಯುವ ಆ ಬಲಗಾಲು ಕೊನೆಗೂ ಹಿಡಿಯ ಮೇಲೆ ಭದ್ರವಾಗಿ ನಿಂತಿತು. ಆಮೇಲೆ ಎಡಗೈಯಲ್ಲಿ ಕೋಲು ಹಿಡಿದು ತಿರುವಲು ಶುರುಮಾಡಿದ. ಮೊದಲು ಕೋಲು ಎತ್ತೆತ್ತಲೋ ಹೋಯಿತು. ಹಲ್ಲುಕಚ್ಚಿದ. ಹಣೆಯ ಬೆವರು ಮೂಗಿನ ತುದಿಗೆ ಇಳಿಯಿತು. ಒರೆಸಲು ಹೋದವಳನ್ನು ಕಣ್ಣಲ್ಲೇ ಗದರಿದ. ಬರಬರುತ್ತಾ ಕೈಗೆ ದಾರಿ ಸಿಕ್ಕಿತು. ಒಣಹಿಟ್ಟೆಲ್ಲ ಒಳಗೆ ಕೂಡಿಕೊಂಡು, ಗಂಟುಗಳು ಒಡೆದು, ಪಾತ್ರೆಯ ಅಂಚು ಬಿಟ್ಟು ಬಂದು, ಬೆಂದ ರಾಗಿಯ ಘಮ ಎದ್ದಿತು. ಪಾತ್ರೆ ಒಂದಿಷ್ಟೂ ಜರುಗಲಿಲ್ಲ.

ಮುದ್ದೆ ಕಟ್ಟಲು ಎರಡು ಅಂಗೈ ಬೇಕಲ್ಲ, ಅದಕ್ಕೇನು ಮಾಡುತ್ತಾನೆ ಎಂದು ನಾನು ಯೋಚಿಸುತ್ತಿದ್ದೆ. ಅವನು ಮೊದಲೇ ಯೋಚಿಸಿದ್ದ. ಸೆಟ್ಟಿನ ಬಟ್ಟಲಿಗೆ ನೀರು ಸವರಿ, ಹಿಟ್ಟು ಹಾಕಿ, ಬಟ್ಟಲನ್ನು ಎಡಗೈಯಲ್ಲಿ ಹಿಡಿದು ಗುಂಡಗೆ ಕುಲುಕಿದ. ಹಿಟ್ಟು ಬಟ್ಟಲ ಗೋಡೆಗೆ ಉರುಳುರುಳಿ ತಾನೇ ದುಂಡಗಾಯಿತು. ನುಣ್ಣಗೆ, ಹೊಳೆಯುವ ಮುದ್ದೆ. ಎರಡನೆಯದೂ ಹಾಗೇ. ಇಂಥ ಅಣ್ಣನ ಬೆನ್ನಿಗೆ ಹುಟ್ಟಿದ್ದಕ್ಕೆ ನನಗೆ ಆ ಗಳಿಗೆ ಆದಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ಅಷ್ಟರಲ್ಲಿ ಏರಿಯ ಮೇಲೆ ಬೈಕಿನಲ್ಲಿ ಒಬ್ಬ ಬಂದ. ಬಿಳಿ ಅಂಗಿ, ಕಿವಿಯಲ್ಲಿ ಹೂವು, ಎಲ್ಲೋ ದೇವರಿಗೆ ಹೋಗಿ ಬಂದವನಿರಬೇಕು. ಪುಟ್ಟ ಒಲೆ ಕಂಡು ಗಾಡಿ ನಿಲ್ಲಿಸಿದ. ಅಣ್ಣನ ಬಾಯಿ ತಾನೇ ತೆರೆಯಿತು. "ಬನ್ನಿ, ಊಟ ಮಾಡಿ." ಪಾತ್ರೆ ತೆರೆದಿರುವಾಗ ಹಾದುಹೋಗುವವರನ್ನು ಕರೆಯದೆ ಬಿಡುವುದು ನಮ್ಮಲ್ಲಿ ಯಾರಿಂದಲೂ ಆಗದ ಕೆಲಸ, ಅದು ಇಬ್ಬರಿಗೆ ಮಾತ್ರ ಬೇಯುವ ಪಾತ್ರೆಯಾದರೂ ಸರಿ. ಆತ ಸಂಕೋಚದಿಂದಲೇ ಕೂತ. ಅಣ್ಣ ಎಡಗೈಯಲ್ಲಿ ಮುದ್ದೆ ಎತ್ತಿ ಮನೆಯಿಂದ ತಂದಿದ್ದ ತಟ್ಟೆಗಿಟ್ಟ. ಆತ ಕೈ ನೋಡಿದ. ಮುದ್ದೆ ನೋಡಿದ. ಸಾರು ಬಿಡುವಷ್ಟರಲ್ಲಿ ಎದ್ದು ನಿಂತಿದ್ದ.

"ಇಲ್ಲ ಕಣಣ್ಣ, ತಪ್ಪು ತಿಳ್ಕಬೇಡಿ. ಮನೇಲಿ ಕಾಯ್ತಾವ್ರೆ."

ಬೈಕು ಏರಿಯ ತಿರುವು ದಾಟಿತು. ಅಣ್ಣ ಸೌಟನ್ನು ಮೆಲ್ಲಗೆ ಕೆಳಗಿಟ್ಟ. "ನೋಡ್ದಾ?" ಎಂದು ಅಷ್ಟೇ ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೆಲುದನಿಯನ್ನು ತಡೆಯಲಾಗಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬೈಕು ಹೋದ ದಿಕ್ಕಿಗೆ, ನನ್ನ ಶಾಲೆಯ ಮಕ್ಕಳು ಕೇಳಬಾರದಂಥ ಎರಡು ಮಾತು ಕೂಗಿದೆ. ಆಮೇಲೆ ಅದೇ ತಟ್ಟೆಯನ್ನು ಎಳೆದುಕೊಂಡು ಕೂತು ಉಣ್ಣತೊಡಗಿದೆ. ಮುದ್ದೆ ಬೆಣ್ಣೆಯಂತಿತ್ತು.

"ಚೆನ್ನಾಗಿದೆ ಅಣ್ಣಯ್ಯ."

"ನೀನ್ ಏಳ್ಬೇಡ ಸುಮ್ಕಿರು" ಎಂದು ನಾಲೆಯ ಕಡೆ ತಿರುಗಿ ಕೂತ. ಇನ್ನೊಂದು ಮುದ್ದೆಯ ಮೇಲೆ ಮುಚ್ಚಳ ಮುಚ್ಚಿಟ್ಟ. ಮನೆಗೆ ಹೋಗೋಣ ಎನ್ನುತ್ತಾನೆ, ಇನ್ನೆಂದೂ ಕೋಲು ಮುಟ್ಟುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಇವನನ್ನು ಅಷ್ಟು ದೂರ ಕರೆತಂದು ನಾನೇ ಕೆಡಿಸಿದೆನಲ್ಲ ಎಂದು ತಟ್ಟೆಯನ್ನು ಬದಿಗೆ ಸರಿಸಿದೆ.

ಆಡುಗಳು ಬಂದವು. ಹಿಂದೆ ಒಬ್ಬ ಹೆಂಗಸು, ನನಗಿಂತ ಹಿರಿಯಳು, ತಲೆಗೆ ಟವೆಲ್, ಕೈಯಲ್ಲಿ ಉದ್ದನೆಯ ಕಡ್ಡಿ. ಕಾಡಂಚಿನ ಬುಡಕಟ್ಟಿನವರ ಹಾಡಿಯ ಕಡೆಯವಳು. ನಮ್ಮನ್ನು ಒಮ್ಮೆ ನೋಡಿ ಆಡುಗಳ ಹಿಂದೆ ಸಾಗಿದಳು. ನಾನು ಬೇಕೆಂದೇ ಕರೆಯಲಿಲ್ಲ. ಅವನಿಗೆ ಇನ್ನೊಂದು ಸಲ ಹಾಗಾಗುವುದು ಬೇಡವಾಗಿತ್ತು. ಅಣ್ಣ ಬೆನ್ನು ತಿರುಗಿಸಿಯೇ ಕೂತಿದ್ದ. ಹೆಜ್ಜೆ ಸದ್ದು ದಾಟಿಹೋಗುತ್ತಿದ್ದಂತೆ ಅವನ ಬೆನ್ನು ಚಡಪಡಿಸಿತು. ತಡೆಯಲಾಗದೆ ತಿರುಗಿದ.

"ಬಾರವ್ವ, ಹಿಟ್ಟು ಉಂಡೋಗು."

ಅವಳು ಬಂದಳು. ಕಡ್ಡಿಯನ್ನು ಮರಕ್ಕೆ ಒರಗಿಸಿ, ನಾಲೆಯ ನೀರಿನಲ್ಲಿ ಕೈತೊಳೆದು ಕೂತಳು. ನಾನು ಮುಚ್ಚಳದ ತಟ್ಟೆಯನ್ನು ಒರೆಸಿ ಕೊಟ್ಟೆ. ಅಣ್ಣ ಮುದ್ದೆ ಎತ್ತಿದ, ಕೈ ಅರ್ಧದಲ್ಲಿ ನಿಂತಿತು.

"ಎಡಗೈ ಕಣವ್ವ. ಬಲಗೈ ಬಿದ್ದೋಗದೆ. ಬ್ಯಾಡಾಂದ್ರೆ ನನ್ ತಂಗಿ ಬಡಿಸ್ತಾಳೆ."

"ಬಿರ್ರನೆ ಹಾಕಣ್ಣ, ಆಡು ಅತ್ಲಾಗ್ ಹೋಯ್ತಾವೆ" ಎಂದು ಅವಳು ತಟ್ಟೆ ಚಾಚಿದಳು.

ಮುದ್ದೆ ಬಿತ್ತು, ಸಾರು ಬಿತ್ತು, ಖಾರ ಬಿತ್ತು. ಅವಳು ಮುರಿದು, ಅದ್ದಿ, ನುಂಗಿದಳು. ಕಣ್ಣು ಆಡುಗಳ ಮೇಲೇ. ಅಣ್ಣ ಅವಳ ಮುಖವನ್ನೇ ನೋಡುತ್ತಿದ್ದ. ಕೊನೆಯ ಪಂಕ್ತಿಯವರ ಮುಖ ನೋಡುತ್ತಿದ್ದನಲ್ಲ, ಹಾಗೆ.

"ಹಿಟ್ಟು ಚೆಂದಾಗದೆ, ಒಂದು ಗಂಟಿಲ್ಲ" ಎಂದಳು. ಇನ್ನೊಂದು ತುತ್ತು ನುಂಗಿ, "ಸಾರ್ಗೆ ಉಪ್ಪು ಮುಂದಾಗದೆ" ಎಂದಳು.

ಅಣ್ಣ ಮುಂದಕ್ಕೆ ಬಾಗಿದ.

"ಮುಂದಾಗದಾ?"

"ಹೂಂ ಮತ್ತೆ. ಯಾರ್ ಮಾಡಿದ್ದು, ಈವಮ್ಮನಾ?"

"ಅವ್ಳಿಗೆಲ್ ಬತ್ತದೆ! ನಾನೇ ಮಾಡಿದ್ದು." ಸಾರಿಗೆ ಬೆರಳದ್ದಿ ಬಾಯಿಗಿಟ್ಟುಕೊಂಡ. ಜೀವಮಾನದಲ್ಲಿ ಅವನು ರುಚಿ ನೋಡಿದ್ದನ್ನು ಕಂಡದ್ದು ಅದೇ ಮೊದಲು. ಮುಖ ಹುಳ್ಳಗೆ ಮಾಡಿದ. "ಔದು ಕಣವ್ವ, ಕಡಲಾಗೋಗದೆ!" ಎಂದು ನಕ್ಕ. ಕಾಯಿಲೆ ಬಿದ್ದ ಮೇಲೆ ಅವನು ಹೊಟ್ಟೆಯಿಂದ ನಕ್ಕದ್ದು ಅವತ್ತೇ. ಅವಳಿಗೆ ಅದೇನೂ ಗೊತ್ತಿಲ್ಲ. ತಟ್ಟೆ ಬಳಿದು ನೆಕ್ಕಿ ಮುಂದಕ್ಕೆ ಚಾಚಿದಳು.

"ಇನ್ನೊಂದ್ ಮುದ್ದೆ ಇಕ್ಕು. ಸಾರ್ಗೆ ಒಸಿ ಬಿಸ್ನೀರು ಬುಡು, ಸರೋಯ್ತದೆ."

ಅಣ್ಣ ಪಾತ್ರೆಗೆ ಇಣುಕಿದ. ಖಾಲಿ. ಅವನ ಎಷ್ಟೋ ವರ್ಷದ ಅಡುಗೆಯಲ್ಲಿ ಪಂಕ್ತಿಗೆ ಸಾಲದೆ ಬಂದದ್ದಿಲ್ಲ. ಎಡಗೈಯಲ್ಲಿ ಟವೆಲ್ ತೆಗೆದು ತಲೆಗೆ ಸುತ್ತಲು ನೋಡಿ, ಒಂದೇ ಕೈಯಲ್ಲಿ ಆಗದೆ ಹೆಗಲಿಗೆ ಎಸೆದುಕೊಂಡು, ನನ್ನ ಕಡೆ ತಿರುಗಿ ನಾಲೆಯ ಆಚೆ ದಡಕ್ಕೂ ಕೇಳುವಂತೆ ಕೂಗಿದ.

"ಏನ್ ಬಾಯ್ ಬುಟ್ಕಂಡ್ ನಿಂತಿದ್ದೀಯೇ? ಪಂಕ್ತೀಲಿ ಜನ ಕುಂತವ್ರೆ, ಎಸ್ರಿಡೇ!"

ನಾನು ನೀರಿನ ಕ್ಯಾನು ತರಲು ಕಾರಿನ ಕಡೆ ಓಡಿದೆ, ಕಣ್ಣೊರೆಸಿಕೊಳ್ಳಲೂ ನಿಲ್ಲಲಿಲ್ಲ.